ಕಾಂತಿಭಾಯಿಯ ಗಾಡಿ ಯಾಕೆ ಕುದಿಯಿತು

ಎಂಜಿನ್ ಕುದಿದು ಬಂದ ಗಾಡಿಯ ಮುಂದೆ ನಿಂತಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಏನೂ ಮಾಡದಿರುವುದು. ಬಾನೆಟ್ ಎತ್ತಿ ದೂರ ಸರಿದು, ಒಂದು ಚಹಾ ಕುಡಿದು ಬನ್ನಿ. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವ ಆತುರ ನನಗೂ ಇತ್ತು. ಅದರ ಗುರುತು ಇವತ್ತಿಗೂ ನನ್ನ ಬಲ ಮುಂಗೈ ಮೇಲಿದೆ. ಈಗ ಹೊಸದಾಗಿ ಕೆಲಸಕ್ಕೆ ಸೇರುವವರು ಯಾವ ಸ್ಕ್ಯಾನರ್ ಒಳ್ಳೆಯದು, ಯಾವ ಬಣ್ಣದ ಕೂಲೆಂಟ್ ಹಾಕಬೇಕು ಎಂದು ನನ್ನನ್ನು ಕೇಳುತ್ತಾರೆ. ಅದನ್ನೆಲ್ಲ ಅಂಗಡಿಯವನೇ ಹೇಳುತ್ತಾನೆ. ಅಂಗಡಿಯವನು ಹೇಳದ ಒಂದೆರಡು ವಿಷಯ ನನಗೆ ಗೊತ್ತಿವೆ. ಅವು ನನ್ನ ಜಾಣತನದಿಂದ ಬಂದವಲ್ಲ, ತಪ್ಪಿನಿಂದ ಬಂದವು. ಆದ್ದರಿಂದ ಗಟ್ಟಿಯಾಗಿವೆ.

ನಾನು ಗದಗಿನವನು. ಹುಬ್ಬಳ್ಳಿಯ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು, ಅಲ್ಲಿಯೇ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ಮೈಗೆಲ್ಲ ಗ್ರೀಸು ಮೆತ್ತಿಕೊಂಡು, ಆಮೇಲೆ ಒಂದು ದೊಡ್ಡ ತೈಲ ಸಂಸ್ಥೆಯ ವಾಹನ ವಿಭಾಗ ಸೇರಿದೆ. ತೊಂಬತ್ತರ ದಶಕವೆಲ್ಲ ಅಹಮದಾಬಾದಿನ ಚಾಂದ್‌ಖೇಡಾದಲ್ಲೇ ಕಳೆಯಿತು. ಬಸವರಾಜ ಎಂದು ಪೂರ್ತಿ ಕರೆಯುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಮೊದಲ ವಾರದಲ್ಲೇ ನಾನು ಬಸುಭಾಯಿ ಆದೆ. ನಮ್ಮ ವರ್ಕ್‌ಶಾಪ್ ಎಂದರೆ ತಗಡಿನ ಒಂದು ದೊಡ್ಡ ಶೆಡ್ಡು, ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಎರಡು ಗುಂಡಿ, ಒಂದು ಬೇವಿನ ಮರ. ಏಪ್ರಿಲ್ ಬಂತೆಂದರೆ ಶೆಡ್ಡಿಗಿಂತ ಮರದ ಕೆಳಗೇ ಹೆಚ್ಚು ಕೆಲಸ ನಡೆಯುತ್ತಿತ್ತು.

ಆ ಊರಿನಲ್ಲಿ ಎಂಜಿನ್ ಕುದಿಯಲು ಮೊದಲ ಕಾರಣ ಬಿಸಿಲಲ್ಲ, ನೀರು. ಕೊಳವೆಬಾವಿಯ ನೀರು ಅಷ್ಟು ಸವಳು. ಮನೆಯಲ್ಲಿ ಬೇಳೆ ಬೇಯುತ್ತಿರಲಿಲ್ಲ, ಗಾಡಿಯಲ್ಲಿ ರೇಡಿಯೇಟರ್ ಉಳಿಯುತ್ತಿರಲಿಲ್ಲ. ಎರಡು ಬೇಸಿಗೆ ಕಳೆದ ರೇಡಿಯೇಟರ್ ಬಿಚ್ಚಿದರೆ ಒಳಗಿನ ಸಣ್ಣ ನಳಿಕೆಗಳಲ್ಲಿ ಸುಣ್ಣ ಗಟ್ಟಿಯಾಗಿ ಕೂತಿರುತ್ತಿತ್ತು. ತೆಳ್ಳಗಿನ ಸರಳು ಹಾಕಿ ಒಂದೊಂದೇ ನಳಿಕೆಯನ್ನು ಚುಚ್ಚಿ ಚುಚ್ಚಿ ಬಿಡಿಸಬೇಕು. ಇಡೀ ದಿನದ ಕೆಲಸ ಅದು, ಬೆನ್ನು ಬಾಗಿ ಹೋಗುತ್ತಿತ್ತು. ಅದಕ್ಕೇ ನಾನು ಚಾಲಕರಿಗೆಲ್ಲ ಹೇಳಿದ್ದೆ, ಸಿಕ್ಕ ಸಿಕ್ಕ ಕಡೆ ನೀರು ತುಂಬಬೇಡಿ ಎಂದು. ಹೇಳಿದ್ದನ್ನು ಕೇಳಿದ್ದರೆ ವಟ್ವಾದ ಪ್ರಸಂಗ ನಡೆಯುತ್ತಿರಲಿಲ್ಲ.

ಒಮ್ಮೆ ಕಾರ್ಖಾನೆಗಳಿರುವ ವಟ್ವಾ ಕಡೆಗೆ ಹೋಗಿದ್ದ ಜೀಪು ಕುದಿದು ವಾಪಸ್ ಬಂತು. ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದರೆ ಕುಂಕುಮದಂಥ ಕೆಂಪು ನೀರು ಧಾರೆಯಾಗಿ ಇಳಿಯಿತು. ತುಕ್ಕು ಇರಬೇಕು, ಎಂಜಿನ್ ಬ್ಲಾಕ್ ಒಳಗೇ ತಿಂದುಹೋಗಿದೆ ಎಂದು ನಾನು ದೊಡ್ಡ ಪಂಡಿತನ ಹಾಗೆ ತೀರ್ಪು ಕೊಟ್ಟು, ಅರ್ಧ ಎಂಜಿನ್ ಬಿಚ್ಚಿ ಹರವಿದೆ. ಒಳಗೆ ಎಲ್ಲ ಚೊಕ್ಕವಾಗಿತ್ತು. ಸಂಜೆಗೆ ಚಾಲಕ ತಲೆ ಕೆರೆದುಕೊಳ್ಳುತ್ತ ಬಾಯಿ ಬಿಟ್ಟ: ಯಾವುದೋ ಬಣ್ಣದ ಕಾರ್ಖಾನೆಯ ಹಿಂದೆ ಪೀಪಾಯಿಯಲ್ಲಿ ನೀರಿತ್ತು, ಅದನ್ನೇ ತುಂಬಿದ್ದೆ ಎಂದ. ನಾನು ಅವನನ್ನು ಮೊದಲು ಕೇಳಿಯೇ ಇರಲಿಲ್ಲ. ಎರಡು ವಾರ ನನ್ನ ಕೈಗಳು ಮೊಣಕೈವರೆಗೆ ಗುಲಾಬಿ ಬಣ್ಣದಲ್ಲಿದ್ದವು. ನನ್ನ ಹೆಂಡತಿ ಸುಮಿತ್ರಾ ಬಾಗಿಲು ತೆಗೆದವಳೇ ಕೇಳಿದಳು: "ಯಾರ ಮದಿವ್ಯಾಗ ಮದರಂಗಿ ಹಚ್ಚಗೊಂಡ ಬಂದ್ರಿ?" ಸಂಸ್ಥೆಯ ಕಾಲನಿಯ ಕನ್ನಡದ ಮನೆಗಳಲ್ಲಿ ಇದು ಹಬ್ಬಕ್ಕೆ ಬೇಕಾದಷ್ಟು ನಗೆಯಾಯಿತು. ಚಾಲಕನ ಮಾತು ಮೊದಲು ಕೇಳಬೇಕು ಎಂಬ ಬುದ್ಧಿ ಆಗಲೇ ಬರಬೇಕಿತ್ತು. ಬರಲಿಲ್ಲ.

ನಮ್ಮ ವಿಭಾಗದ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಧಾರವಾಡದವರು, ಮೆತ್ತಗೆ ಮಾತಾಡುವವರು. ಗಾಡಿಗಳ ಬಗ್ಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ನನ್ನ ಜತೆ ಮಾತ್ರ ಕನ್ನಡ. "ನೀ ಹೇಳಿದ್ದಕ್ಕ ನಾ ಸಹಿ ಮಾಡ್ತೀನಪಾ. ನೀ ನೋಡಿ ಹೇಳು," ಎನ್ನುತ್ತಿದ್ದರು. ಎಂಥ ಭಾರದ ಮಾತು ಅದು ಎಂದು ನನಗೆ ಆಗ ಅನ್ನಿಸುತ್ತಿರಲಿಲ್ಲ. ನನ್ನ ಮೇಲೆ ವಿಶ್ವಾಸ ಎಂದು ಉಬ್ಬುತ್ತಿದ್ದೆ.

ಇನ್ನು ಕಾಂತಿಭಾಯಿ. ಖೇಡಾ ಕಡೆಯ ಹಳ್ಳಿಯವನು, ನನ್ನದೇ ವಯಸ್ಸು. ಎಂಟು ವರ್ಷದಿಂದ ತಾತ್ಕಾಲಿಕ ಚಾಲಕ. ಗಾಡಿಯ ಸ್ಟೀರಿಂಗ್ ಮುಟ್ಟುವ ಮೊದಲು ಕಣ್ಣಿಗೊತ್ತಿಕೊಳ್ಳುವವನು, ಬಟ್ಟೆಯ ಇಸ್ತ್ರಿ ಕೆಡಿಸದವನು. ಮಾತು ಕಡಿಮೆ. ನಾನು ಹೇಳಹೊರಟ ವರ್ಷ ತಾತ್ಕಾಲಿಕದವರಲ್ಲಿ ಕೆಲವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಅವನ ಹೆಸರು ಪಟ್ಟಿಯಲ್ಲಿತ್ತು. ಕೆಲಸದಲ್ಲಿ ಒಂದು ಕಪ್ಪು ಗೆರೆ ಬಿದ್ದರೆ ಹೆಸರು ಹೋಗುತ್ತದೆ, ಮತ್ತೆ ಎಷ್ಟು ವರ್ಷಕ್ಕೆ ಪಟ್ಟಿ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಅವನು ಒಬ್ಬ ದೊಡ್ಡ ಅಧಿಕಾರಿಯನ್ನು ಕೂರಿಸಿಕೊಂಡು ಕೊಯಾಲಿಯ ತೈಲ ಶುದ್ಧೀಕರಣ ಘಟಕಕ್ಕೆ ಹೊರಟ. ಗಾಡಿ ಹೊಸದು, ಚಳಿಗಾಲದಲ್ಲಷ್ಟೇ ಬಂದ ಮೂರು ಬಿಳಿ ಡೀಸೆಲ್ ಕಾರುಗಳಲ್ಲಿ ಒಂದು. ಆಣಂದ್ ದಾಟಿದ ಮೇಲೆ ಕುದಿಯಿತು. ಅಧಿಕಾರಿ ಬಿಸಿಲಲ್ಲಿ ಒಂದು ಗಂಟೆ ನಿಂತು, ಕೊನೆಗೆ ಲಾರಿ ಹತ್ತಿ ಹೋಗಿ, ಮೀಟಿಂಗ್ ಮುಗಿದ ಮೇಲೆ ಮುಟ್ಟಿದರು. ಗಾಡಿಯನ್ನು ಕಟ್ಟಿ ಎಳೆದು ತಂದರು. ನಾನು ನೋಡಿದೆ: ರೇಡಿಯೇಟರ್ ಒಣಗಿತ್ತು, ಎಂಜಿನ್ನಿನ ಹೆಡ್ಡು ಮತ್ತು ಬ್ಲಾಕಿನ ನಡುವಿನ ಪದರ, ಹೆಡ್ ಗ್ಯಾಸ್ಕೆಟ್, ಸುಟ್ಟಿತ್ತು.

ಕಾಂತಿಭಾಯಿ ಪಕ್ಕದಲ್ಲೇ ನಿಂತಿದ್ದ. "ಪಾಣಿ ತೋ ಭರ್ಯುಂ ಹತುಂ, ಬಸುಭಾಯಿ," ಎಂದ. ನೀರು ತುಂಬಿದ್ದೆ ಎಂದು.

ಎಲ್ಲ ಚಾಲಕರೂ ಹೇಳುವ ಮಾತು. ನೀರು ತುಂಬಿದ್ದರೆ ಎಲ್ಲಿ ಹೋಯಿತು ಎಂದು ಕೇಳಿದೆ. ಉತ್ತರಕ್ಕೆ ಕಾಯಲಿಲ್ಲ. ನಾನು ಕಚೇರಿಗೆ ಹೋಗಿ ವರದಿಯಲ್ಲಿ ಒಂದೇ ಸಾಲು ಬರೆದೆ: ನೀರು ನೋಡದೆ ಓಡಿಸಿದ್ದರಿಂದ ಹಾನಿ, ಚಾಲಕನ ನಿರ್ಲಕ್ಷ್ಯ. ಕುಲಕರ್ಣಿ ಸಾಹೇಬರು ಪೆನ್ನು ಎತ್ತಿ ಒಂದು ಗಳಿಗೆ ನಿಂತರು.

"ಅಂವಾ ನೀರ ಹಾಕಿಲ್ಲಂತ ನೀ ಕಣ್ಣಾರೆ ನೋಡೀ ಏನು?"

"ರೇಡಿಯೇಟರ್ ಒಣಗಿತ್ತರೀ ಸಾಹೇಬ್ರ. ಇನ್ನೇನ ನೋಡೂದು?"

ಅವರು ಸಹಿ ಮಾಡಿದರು. ಕಾಂತಿಭಾಯಿಯ ಕೈಯಿಂದ ಕೀಲಿ ತೆಗೆದುಕೊಂಡರು, ಚಾಲಕರ ಕೋಣೆಯ ಬೆಂಚಿನ ಮೇಲೆ ಕೂರಿಸಿದರು. ಇಸ್ತ್ರಿ ಅಂಗಿ ಹಾಕಿಕೊಂಡು ಅವನು ದಿನವೂ ಒಂಬತ್ತಕ್ಕೆ ಬಂದು ಕೂರುತ್ತಿದ್ದ, ಐದಕ್ಕೆ ಎದ್ದು ಹೋಗುತ್ತಿದ್ದ. ನಾನು ಆ ದಾರಿಯಲ್ಲಿ ಹೋಗುವುದನ್ನು ತಪ್ಪಿಸತೊಡಗಿದೆ. ತಪ್ಪು ನನ್ನದು ಎಂದು ಗೊತ್ತಿತ್ತು ಅಂತಲ್ಲ. ಸುಮ್ಮನೆ ಕೂತವನ ಮುಖ ನೋಡುವುದು ಕಷ್ಟ.

ನಾನು ಗ್ಯಾಸ್ಕೆಟ್ ಹೊಸದು ಹಾಕಿದೆ. ಹೆಡ್ ಸಮ ಮಾಡಿಸಿದೆ. ಇರಲಿ ಎಂದು ವಾಟರ್ ಪಂಪು, ಫ್ಯಾನ್ ಬೆಲ್ಟು ಕೂಡ ಬದಲಿಸಿದೆ. ಟ್ರಯಲ್ ನೋಡಬೇಕು, ಕೊಯಾಲಿಯವರೆಗೆ ಓಡಿಸಿಕೊಂಡು ಬರುತ್ತೇನೆ ಎಂದು ಕುಲಕರ್ಣಿ ಸಾಹೇಬರಿಗೆ ಹೇಳಿದೆ.

"ಕಾಂತೀನ್ನೂ ಕರಕೊಂಡ ಹೋಗು," ಎಂದರು.

"ಅಂವಾ ಯಾಕರೀ?"

"ಆ ದಾರಿ ಅಂವಗ ಗೊತ್ತು. ಮತ್ತ ಪಟ್ಟಿ ಶನಿವಾರ ಮ್ಯಾಲ ಹೋಗತದ. ಅಷ್ಟರಾಗ ನನಗ ಮನಸ್ಸಿಗೆ ಸಮಾಧಾನ ಆಗಬೇಕು."

ಹೀಗೆ ನಾನು ಓಡಿಸುತ್ತ, ಅವನು ಪಕ್ಕದಲ್ಲಿ ಕೈಕಟ್ಟಿ ಕೂತು, ಬುಧವಾರ ಬೆಳಿಗ್ಗೆ ಹೊರಟೆವು. ಖೇಡಾ ಕಳೆದ ಮೇಲೆ ರಸ್ತೆ ಪಕ್ಕ ಒಂದು ಪರಬ್ ಇತ್ತು. ಪರಬ್ ಎಂದರೆ ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಚಪ್ಪರ. ಮಡಕೆಗಳ ಹಿಂದೆ ಒಬ್ಬ ಮುದುಕಿ ಕೂತಿದ್ದಳು. ಕಾಂತಿಭಾಯಿ ನಿಲ್ಲಿಸಲು ಕೈ ಮಾಡಿದ. ಇಳಿದು ಆಕೆಗೆ ನಮಸ್ಕಾರ ಮಾಡಿ, ಮಡಕೆ ಮುಟ್ಟದೆ, ಪಕ್ಕದ ದನದ ತೊಟ್ಟಿಯಿಂದ ಡಬ್ಬಿಯಲ್ಲಿ ನೀರು ತುಂಬಿಕೊಂಡು, ಗಾಡಿ ಆರುವವರೆಗೆ ಕಾದ. ಮುದುಕಿ ನನ್ನನ್ನು ನೋಡಿ ಗುಜರಾತಿಯಲ್ಲಿ ಮಾತು ಶುರು ಮಾಡಿದಳು. ಇವನು ಈ ದಾರಿಯಲ್ಲಿ ಹೋದಾಗಲೆಲ್ಲ ಗಾಡಿಗೆ ನೀರು ಕುಡಿಸಿಯೇ ಹೋಗುವುದಂತೆ. ಹೋದ ಸಲ ಹಿಂದೆ ಕೂತ ಸಾಹೇಬರು ತಡವಾಯಿತು ಎಂದು ರೇಗಾಡಿದರಂತೆ, ಆದರೂ ಇವನು ಎರಡು ಡಬ್ಬಿ ಹೊಯ್ದೇ ಹೊರಟನಂತೆ.

"ಅದೇ ಗಾಡಿ, ಇದೇ," ಎಂದು ಬಾನೆಟ್ ತಟ್ಟಿದಳು.

ನಾನು ಕಾಂತಿಭಾಯಿಯ ಕಡೆ ನೋಡಿದೆ. ಅವನು ನೀರು ಹೊಯ್ದು ರೇಡಿಯೇಟರಿನ ಮುಚ್ಚಳ ಬಿಗಿ ಮಾಡುವುದರಲ್ಲಿದ್ದ. ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಹಿಂದಿಯಲ್ಲಿ ಕೇಳಿದೆ. "ಹೇಳಿದೆನಲ್ಲ," ಎಂದ. ನಿಜ, ಹೇಳಿದ್ದ. ಆದರೆ ನಾನು ಇನ್ನೂ ಸೋಲೊಪ್ಪಲಿಲ್ಲ. ಗ್ಯಾಸ್ಕೆಟ್ ಮೊದಲೇ ಕೆಟ್ಟಿರಬೇಕು, ಈಗ ಹೊಸದು ಹಾಕಿದ್ದೇನೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಗಾಡಿ ಬಿಟ್ಟೆ.

ಆಣಂದ್ ದಾಟಿತು. ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಏರತೊಡಗಿತು. ವಾಸದ್ ಹತ್ತಿರ ಬರುವ ಹೊತ್ತಿಗೆ ಕೆಂಪು ಗೆರೆ ಮುಟ್ಟಿ, ಬಾನೆಟ್ ಸಂದಿಯಿಂದ ಹಬೆ ಬಂತು. ನನ್ನ ಕಣ್ಣೆದುರೇ ತುಂಬಿದ ನೀರು, ನನ್ನ ಕೈಯಲ್ಲೇ ಸ್ಟೀರಿಂಗ್. ಇನ್ನು ಯಾರನ್ನು ಬೈಯುವುದು?

ನಿಲ್ಲಿಸಿ, ಬಾನೆಟ್ ಎತ್ತಿ, ಜಾಲಿಗಿಡದ ಚೂರು ನೆರಳಿನಲ್ಲಿ ಕೂತೆವು. ಸ್ವಲ್ಪ ಆರಿದ ಮೇಲೆ ಕಾಂತಿಭಾಯಿ ಎದ್ದು, ಒದ್ದೆ ಬಟ್ಟೆ ಹಿಡಿದು ಅಲ್ಲಲ್ಲಿ ಮುಟ್ಟಿ ನೋಡತೊಡಗಿದ. ರೇಡಿಯೇಟರಿನ ಕೆಳಭಾಗದ ಮೇಲೆ ಅಂಗೈ ಇಟ್ಟು ಹಾಗೇ ಇದ್ದ. ಅಲ್ಲಿಂದ ಪಂಪಿನ ಪಕ್ಕದ ಸಣ್ಣ ಪೈಪಿಗೆ ಕೈ ಒಯ್ದವನು ಥಟ್ಟನೆ ಹಿಂದೆಳೆದುಕೊಂಡ.

"ಬಸುಭಾಯಿ, ಎಂಜಿನ್ ಕುದೀತಾ ಇದೆ, ರೇಡಿಯೇಟರ್ ಬೆಚ್ಚಗಷ್ಟೇ ಇದೆ. ಬೆಂಕಿ ಎಲ್ಲಾ ಈ ಪುಟ್ಟ ಪೈಪಿನಲ್ಲಿ," ಎಂದ ಹಿಂದಿಯಲ್ಲಿ.

ನಾನು ಹೋಗಿ ಮುಟ್ಟಿದೆ. ಹೌದು. ಬಿಸಿನೀರು ತಣ್ಣಗಾಗಲು ರೇಡಿಯೇಟರಿಗೆ ಹೋಗುವುದನ್ನು ಬಿಟ್ಟು, ಆ ಸಣ್ಣ ಪೈಪಿನ ಅಡ್ಡದಾರಿಯಲ್ಲಿ ಮತ್ತೆ ಎಂಜಿನ್ನಿಗೇ ವಾಪಸಾಗುತ್ತಿತ್ತು. ಆ ಅಡ್ಡದಾರಿ ಯಾಕೆ ತೆರೆದಿದೆ ಎಂಬುದು ಆ ಕ್ಷಣವೇ ನನಗೆ ಹೊಳೆಯಿತು. ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ಇಲ್ಲಿ ನನ್ನ ಕಾಲದ ಒಂದು ಪದ್ಧತಿ ಹೇಳಬೇಕು. ಎಂಜಿನ್ನಿನ ನೀರಿನ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಅಂಗೈಯಗಲದ ಬಾಗಿಲು ಇರುತ್ತದೆ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, ಬಿಸಿಯಾದಾಗ ತೆರೆಯುತ್ತದೆ. ಇದೆಲ್ಲ ಚಳಿ ದೇಶದವರಿಗೆ, ನಮ್ಮ ಬಿಸಿಲಿಗೆ ಯಾಕೆ ಬೇಕು ಎಂದು ಹುಬ್ಬಳ್ಳಿಯ ನನ್ನ ಉಸ್ತಾದರು ಅದನ್ನು ಕಿತ್ತು ಬಿಸಾಡುತ್ತಿದ್ದರು. ನಾನೂ ಕಿತ್ತೆ. ಹೋಳಿ ಹಬ್ಬ ಮುಗಿದ ವಾರ ಚಾಂದ್‌ಖೇಡಾದ ಅಷ್ಟೂ ಗಾಡಿಗಳ ಥರ್ಮೋಸ್ಟಾಟ್ ಕಿತ್ತು ಒಂದು ಹಳೆಯ ಎಣ್ಣೆ ಡಬ್ಬಿಗೆ ಹಾಕುವುದು ನನ್ನ ವಾರ್ಷಿಕ ಪೂಜೆಯಾಗಿತ್ತು. ಬೇರೆ ವರ್ಕ್‌ಶಾಪಿನವರೂ ಹಾಗೇ ಮಾಡುತ್ತಿದ್ದರು. ಹಳೆಯ ಎಂಜಿನ್‌ಗಳಲ್ಲಿ ಅದರಿಂದ ದೊಡ್ಡ ಕೇಡೇನೂ ಆಗುತ್ತಿರಲಿಲ್ಲ. ಆದರೆ ಈ ಹೊಸ ಎಂಜಿನ್ನಿನ ಥರ್ಮೋಸ್ಟಾಟಿಗೆ ಕೆಳಗೆ ಇನ್ನೊಂದು ಬಿಲ್ಲೆ ಇತ್ತು. ಮೇಲಿನ ಬಾಗಿಲು ತೆರೆದಾಗ ಆ ಬಿಲ್ಲೆ ಕೆಳಗಿನ ಅಡ್ಡದಾರಿಯನ್ನು ಮುಚ್ಚುತ್ತದೆ, ಅದನ್ನು ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಕೀಳುವಾಗ ಅದನ್ನು ನೋಡಿದ್ದೆ ಕೂಡ. ಇದೇನೋ ಹೆಚ್ಚಿನ ಅಲಂಕಾರ ಎಂದುಕೊಂಡು ಡಬ್ಬಿಗೆ ಹಾಕಿದ್ದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಗಾಡಿ ತಡೆದುಕೊಂಡಿತು. ಮೇ ಬಿಸಿಲಲ್ಲಿ ಹೆದ್ದಾರಿಗೆ ಬಿದ್ದಾಗ ಕುದಿಯಿತು.

ಕಾಂತಿಭಾಯಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಜಾಲಿಯ ಒಂದು ಕೊಂಬೆ ಮುರಿದು ಕೊಡು ಎಂದೆ. ಅವನೇ ಚಾಕು ತೆಗೆದು ಬೆರಳುದ್ದದ ಬೆಣೆ ಕೆತ್ತಿಕೊಟ್ಟ. ಸಣ್ಣ ಪೈಪು ಬಿಚ್ಚಿ, ಬೆಣೆಯನ್ನು ಒಳಗೆ ಗಟ್ಟಿಯಾಗಿ ಕೂರಿಸಿ, ಮೇಲೆ ಕ್ಲಿಪ್ಪು ಬಿಗಿದೆ. ಡಬ್ಬಿಯಲ್ಲಿ ಉಳಿದಿದ್ದ ನೀರು ಹೊಯ್ದು ಹೊರಟೆವು. ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಆಮೇಲೆ ಅಲುಗಲಿಲ್ಲ. ಮಹಿ ನದಿಯ ಸೇತುವೆ ದಾಟುವವರೆಗೂ ಕಾಂತಿಭಾಯಿ ಆ ಮುಳ್ಳನ್ನೇ ನೋಡುತ್ತ ಕೂತಿದ್ದ. ಓದು ಬರಹ ಕಡಿಮೆ ಇರಬಹುದು, ತಲೆ ಚುರುಕು. ಅಲ್ಲೊಂದು ಕಟ್ಟಿಗೆ ಇಟ್ಟರೆ ಗಾಡಿ ಸರಿಹೋಗುತ್ತದೆ ಎಂದರೆ, ಅಲ್ಲಿ ಇರಬೇಕಾದ ಏನೋ ಇಲ್ಲ ಎಂದು ಲೆಕ್ಕ ಹಾಕಿಬಿಟ್ಟಿದ್ದ.

"ಶುಂ ಕಾಢ್ಯುಂ, ಬಸುಭಾಯಿ?" ಎಂದು ಕೇಳಿದ. ಏನು ತೆಗೆದೆ?

ಹೇಳಿದೆ. ಎಲ್ಲ ಹೇಳಿದೆ, ಡಬ್ಬಿಯ ಸಂಗತಿಯನ್ನೂ ಸೇರಿಸಿ. ಅವನು ಬೈಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ನನ್ನ ಕಾಗದ ಶನಿವಾರ ಮೇಲೆ ಹೋಗುತ್ತೆ," ಎಂದಷ್ಟೇ ಅಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಕುಲಕರ್ಣಿ ಸಾಹೇಬರ ಮುಂದೆ ನಿಂತೆ. ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಒಂದು ಪಾರ್ಟು ಕೆಟ್ಟಿತ್ತು, ಬದಲಿ ಮಾಡೀನಿ ಅಂತ ಬರದು ಬಿಡಪಾ. ಇಬ್ಬರೂ ಉಳೀತೀರಿ."

"ಹಂಗ ಬರದ್ರ ಅಂವನ ಹೆಸರು ಉಳೀತದ ಏನ್ರೀ?"

ನೇರವಾಗಿ ಕೇಳಿದ್ದಕ್ಕೆ ಸುಳ್ಳು ಉತ್ತರ ಕೊಡಲು ಅವರಿಗೆ ಆಗಲಿಲ್ಲ. "ಪಾರ್ಟು ಕೆಟ್ಟದ್ದು ಚಾಲಕ ಸರಿ ನೋಡಿಕೊಳ್ಳದ್ದಕ್ಕೇನೋ ಅಂತ ಮ್ಯಾಲಿನವರು ಕೇಳಬಹುದು. ಸಂಶಯ ಉಳೀತದ," ಎಂದರು. "ನಾಳೆ ಬೆಳಿಗ್ಗೆ ತನಕ ಯೋಚನಿ ಮಾಡು."

ಮನೆಗೆ ಬಂದು ಊಟದ ಹೊತ್ತಿಗೆ ಸುಮಿತ್ರಾಳಿಗೆ ಹೇಳಿದೆ. ನನ್ನ ಕೆಲಸದ ದಾಖಲೆಯಲ್ಲಿ ಅಲ್ಲಿಯವರೆಗೆ ಒಂದೂ ಗೆರೆ ಇರಲಿಲ್ಲ, ಅದು ನನ್ನ ದೊಡ್ಡ ಹೆಮ್ಮೆ ಎಂಬುದು ಅವಳಿಗೆ ಗೊತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಗೆರಿ ಬಿದ್ರೂ ನೀವು ನಾಳೆ ಅದ ಶೆಡ್ಡಿಗೆ ಹೋಗ್ತೀರಿ. ಅಂವಾ ಎಲ್ಲಿಗೆ ಹೋಗಬೇಕ್ರಿ?" ನಾನು ಎರಡು ರೊಟ್ಟಿ ತಿಂದು ಎದ್ದೆ. ಅದಕ್ಕಿಂತ ಹೆಚ್ಚಿನ ಚರ್ಚೆ ಬೇಕಾಗಲಿಲ್ಲ.

ಶುಕ್ರವಾರ ಹೊಸ ವರದಿ ಬರೆದೆ. ಥರ್ಮೋಸ್ಟಾಟ್ ತೆಗೆದವನು ನಾನು, ಚಾಲಕನನ್ನು ವಿಚಾರಿಸದೆ ಅವನ ಮೇಲೆ ಬರೆದವನೂ ನಾನು, ಅವನು ನೀರು ತುಂಬಿದ್ದಕ್ಕೆ ಸಾಕ್ಷಿ ಇದೆ, ಉಳಿದ ಎರಡು ಗಾಡಿಗಳಲ್ಲೂ ಇದೇ ತಪ್ಪು ಮಾಡಿದ್ದೇನೆ. ಕುಲಕರ್ಣಿ ಸಾಹೇಬರು ಎರಡು ಸಲ ಓದಿ, ಈ ಸಲ ನಿಲ್ಲದೆ ಸಹಿ ಮಾಡಿದರು. ನನಗೆ ಎಚ್ಚರಿಕೆಯ ಪತ್ರ ಬಂತು. ಕಾಂತಿಭಾಯಿ ಆ ಪಟ್ಟಿಯಲ್ಲೇ ಕಾಯಂ ಆದ.

ಆ ವಾರವೇ ಎಣ್ಣೆ ಡಬ್ಬಿ ನೆಲಕ್ಕೆ ಸುರಿದು ಕೂತೆ. ಯಾವುದು ಯಾವ ಗಾಡಿಯದೆಂದು ಗುರುತಿಲ್ಲ. ಕ್ಯಾಂಟೀನಿನಿಂದ ಚಹಾದ ದೊಡ್ಡ ಪಾತ್ರೆ ತರಿಸಿ, ನೀರು ಕಾಯಿಸಿ, ಒಂದೊಂದನ್ನೇ ದಾರದಲ್ಲಿ ಇಳಿಬಿಟ್ಟು, ಯಾವ ಬಿಸಿಗೆ ಬಾಯಿ ಬಿಡುತ್ತದೆ ಎಂದು ಥರ್ಮಾಮೀಟರ್ ಹಿಡಿದು ನೋಡಿ, ಗುರುತು ಸಿಕ್ಕಂತೆ ಅವುಗಳ ಗಾಡಿಗೆ ಮತ್ತೆ ಕೂರಿಸಿದೆ. ಹೊಸ ಕಾರಿನ ಜತೆ ಬಂದ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇತ್ತು. ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಥರ್ಮೋಸ್ಟಾಟ್ ಇಲ್ಲದೆ ಓಡಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆಮೇಲೆ ಪ್ರತಿ ಗಾಡಿಯ ಕೆಲಸ ಬರೆದಿಡುವ ನಮ್ಮ ಜಾಬ್ ಕಾರ್ಡಿನಲ್ಲಿ ಎರಡು ಹೊಸ ಕಾಲಂ ಗೆರೆ ಹಾಕಿಸಿದೆ. ಒಂದರಲ್ಲಿ ಚಾಲಕ ಏನು ಹೇಳಿದ ಎಂದು ಬರೆಯಬೇಕು, ಇನ್ನೊಂದರಲ್ಲಿ ಗಾಡಿಯಿಂದ ಏನು ತೆಗೆದಿದ್ದೇವೆ ಎಂದು. ಈಗ ಕಂಪ್ಯೂಟರ್ ಬಂದಿದೆ, ತಂತಿ ಸಿಕ್ಕಿಸಿದರೆ ಎಂಜಿನ್ನೇ ತನ್ನ ಕಥೆ ಹೇಳುತ್ತದೆ. ಒಳ್ಳೆಯದೇ, ನಾನು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವ ಮುದುಕನಲ್ಲ. ಆದರೆ ಆ ಎರಡು ಕಾಲಂ ನೀವೂ ಇಟ್ಟುಕೊಳ್ಳಿ.

ಕಾಂತಿಭಾಯಿ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ಕಾಯಂ ಆದ ಖುಷಿಗೆ ಪೇಡಾ ಹಂಚುವಾಗ ನನಗೂ ಒಂದು ಕೊಟ್ಟ, ಎಲ್ಲರಿಗೆ ಕೊಟ್ಟ ಹಾಗೆ. ಆದರೆ ಅವತ್ತಿನಿಂದ, ವರ್ಕ್‌ಶಾಪಿನಿಂದ ಗಾಡಿ ತೆಗೆದುಕೊಳ್ಳಲು ಬಂದಾಗಲೆಲ್ಲ, ಕೀಲಿ ಮುಟ್ಟುವ ಮೊದಲು ಒಂದೇ ಪ್ರಶ್ನೆ: "ಶುಂ ಕಾಢ್ಯುಂ, ಬಸುಭಾಯಿ?" ಎಲ್ಲರ ಮುಂದೆ, ನಗದೆ. ನಾನು ಗುಂಡಿಯೊಳಗಿಂದ ಎದ್ದು ಬಂದು, ಕಾರ್ಡು ತೋರಿಸಿ, "ಕಶುಂ ನಥಿ," ಏನೂ ಇಲ್ಲ, ಎಂದು ಉತ್ತರಿಸಬೇಕು. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಉಳಿದ ಚಾಲಕರು ಮುಸಿಮುಸಿ ನಗುತ್ತಿದ್ದರು. ಕ್ರಮೇಣ ಅದು ನನಗೆ ಅಭ್ಯಾಸವಾಯಿತು, ಗಾಡಿ ಬಿಡುವ ಮೊದಲು ನಾನೇ ನನ್ನನ್ನು ಕೇಳಿಕೊಳ್ಳತೊಡಗಿದೆ. ನಾಲ್ಕು ವರ್ಷ ಹೀಗೇ ನಡೆಯಿತು.

ಒಂದು ದಿನ, ಕ್ಲಚ್ ಕೆಲಸ ಮುಗಿದ ಗಾಡಿಗೆ ಅವನು ಬಂದ. ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದುಕೊಂಡ, ಸ್ಟೀರಿಂಗ್ ಕಣ್ಣಿಗೊತ್ತಿಕೊಂಡ, ಗಾಡಿ ಶುರು ಮಾಡಿ ಗೇಟಿನ ಕಡೆ ತಿರುಗಿಸಿದ. ಆ ಪ್ರಶ್ನೆ ಕೇಳಲೇ ಇಲ್ಲ. ಮರೆತನೇನೋ ಎಂದು ನಾನು ಕೈಯಲ್ಲಿ ಕಾರ್ಡು ಹಿಡಿದು ಗಾಡಿಯ ಹಿಂದೆ ಓಡಿದೆ.

"ಕಶುಂ ನಥಿ ಕಾಢ್ಯುಂ," ಎಂದು ಕಿಟಕಿ ಹಿಡಿದು ಹೇಳಿದೆ.

"ಖಬರ್ ಛೆ," ಎಂದ. ಗೊತ್ತು ಎಂದು. ಕಾರ್ಡಿನ ಕಡೆ ನೋಡದೆ ಗೇರ್ ಹಾಕಿ ಹೊರಟುಹೋದ.